ಸ್ಟೇಷನ್ ಮುಂದಿನ ಸೇವೆ ಶುರು ಮಾಡುವ ಮುನ್ನ: ಬಳ್ಳಾರಿಯ ಕ್ರೈಸ್ತ ಸಭೆಗಳಿಗೊಂದು ಮಾರ್ಗದರ್ಶಿ

"ನಮ್ಮ ಯೂತ್‌ನವರು ಶನಿವಾರ ಸಂಜೆ ರೈಲ್ವೆ ಸ್ಟೇಷನ್ ಹತ್ರ ಊಟ ಹಂಚಬೇಕು ಅಂತಿದ್ದಾರೆ, ಹೇಗೆ ಮಾಡೋದು ಹೇಳಿ." ಪಾಸ್ಟರುಗಳು ಕೇಳುತ್ತಾರೆ, ಸ್ತ್ರೀಯರ ಕೂಟದ ಅಕ್ಕಂದಿರು ಕೇಳುತ್ತಾರೆ, ಕಾಲೇಜು ಹುಡುಗರೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧ ಅರ್ಧ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ.

ಊಟ ಹಂಚುವುದಕ್ಕೆ ಮಾರ್ಗದರ್ಶಿ ಬೇಕಿಲ್ಲ. ಪೊಟ್ಟಣ ಇಸಿದುಕೊಂಡ ಹೆಂಗಸು ನಿಮ್ಮ ಕೈ ಹಿಡಿದು "ಇವತ್ತು ರಾತ್ರಿ ಎಲ್ಲಿ ಮಲಗಲಿ?" ಎಂದು ಕೇಳಿದರೆ ಏನು ಮಾಡುತ್ತೀರಿ? ಅದಕ್ಕೆ ಉತ್ತರ ಸಿದ್ಧವಾಗಿದ್ದರೆ ಮಾತ್ರ ಬೀದಿಗೆ ಇಳಿಯಿರಿ. ಈ ಲೇಖನದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

1. ಮೊದಲು ಬರಿಗೈಲಿ ಹೋಗಿ ನೋಡಿ

ಮೂರು ನಾಲ್ಕು ವಾರ ಏನೂ ಹಂಚಬೇಡಿ. ಇಬ್ಬರು ಮೂವರು ಹೋಗಿ, ಟೀ ಕುಡಿಯುತ್ತಾ ನೋಡಿ. ರೈಲ್ವೆ ಸ್ಟೇಷನ್, ಬಸ್ ನಿಲ್ದಾಣ, ಎಪಿಎಂಸಿ ಸುತ್ತಮುತ್ತ, ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ಮೆಡಿಕಲ್ ಕಾಲೇಜು ಆಸ್ಪತ್ರೆಯ ಹೊರಗೆ, ಬೆಳಿಗ್ಗೆ ಕೂಲಿಯವರು ನಿಂತುಕೊಳ್ಳುವ ಸರ್ಕಲ್‌ಗಳು. ಬೆಳಿಗ್ಗೆ 6ಕ್ಕೆ ಇರುವ ಜನ ಬೇರೆ, ರಾತ್ರಿ 9ಕ್ಕೆ ಇರುವ ಜನ ಬೇರೆ.

ಯಾರು ಯಾರು ಎಂದು ಬಿಡಿಸಿಕೊಳ್ಳಿ. ಬಳ್ಳಾರಿಯಲ್ಲಿ ವಲಸೆ ಎರಡೂ ಕಡೆಗೆ ಹರಿಯುತ್ತದೆ. ನಮ್ಮ ಕಡೆಯವರೇ ಗುಳೆ ಹೊರಟಿರುತ್ತಾರೆ. ಗುಳೆ ಎಂದರೆ ಊರಲ್ಲಿ ಕೆಲಸ ಇಲ್ಲದಾಗ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ದುಡಿಯಲು ಹೋಗುವುದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೀಗೆ ಹೋಗುವವರು ಬಹಳ. ಇನ್ನೊಂದು ಕಡೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಸಂಡೂರಿನ ಗಣಿ, ಸಿರುಗುಪ್ಪ ಕಡೆಯ ರೈಸ್‌ಮಿಲ್ಲು ಅಂತ ಬಿಹಾರ, ಒಡಿಶಾ, ಜಾರ್ಖಂಡ್‌ನಿಂದ ಬಂದವರು. ಹೌರಾ ಕಡೆಯಿಂದ ವಾಸ್ಕೋಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ನಮ್ಮ ಊರಿನ ಮೇಲೇ ಹಾದುಹೋಗುತ್ತದೆ, ಅದರ ಜನರಲ್ ಬೋಗಿಯಿಂದ ಇಳಿಯುವವರನ್ನು ಒಮ್ಮೆ ನೋಡಿ. ಸೀಮಾಂಧ್ರದ ಕಡೆಯಿಂದ ಮೆಣಸಿನಕಾಯಿ, ಹತ್ತಿ ಬಿಡಿಸಲು ಬರುವ ಹೆಂಗಸರು ಬೇರೆ. ಜೀನ್ಸ್ ಹೊಲಿಗೆ ಕೆಲಸಕ್ಕೆ ದಿನಾ ಬಂದು ಹೋಗುವವರು ಬೇರೆ. ಒಬ್ಬೊಬ್ಬರ ಕಷ್ಟವೂ ಒಂದೊಂದು ಥರ, ಎಲ್ಲರಿಗೂ ಚಿತ್ರಾನ್ನದ ಪೊಟ್ಟಣವೇ ಮದ್ದಲ್ಲ.

ಯಾರು ಆಗಲೇ ಕೆಲಸ ಮಾಡುತ್ತಿದ್ದಾರೆ ಎಂಬುದನ್ನೂ ವಿಚಾರಿಸಿ. ಒಂದೇ ಸಂಜೆ ಮೂರು ಗುಂಪು ಒಂದೇ ಕಡೆ ಅನ್ನ ಹಂಚಿ, ಉಳಿದದ್ದು ಚರಂಡಿ ಪಾಲಾಗುವುದನ್ನು ಯಾವ ಊರಲ್ಲಾದರೂ ನೋಡಬಹುದು.

2. ತಂಡ ಕಟ್ಟಿ, ಚಿಕ್ಕದಾಗಿ

ಐದಾರು ಜನ ಸಾಕು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರಿರಲಿ, ಅದೂ ಮದುವೆಯಾಗಿ ಮಕ್ಕಳಿರುವ, ಮಾತು ಕಡಿಮೆ ಆಡುವ ಅಕ್ಕಂದಿರು. ಹುಮ್ಮಸ್ಸಿನ ಹುಡುಗರಿಗಿಂತ ಇವರ ಹತ್ತಿರ ಜನ ಬೇಗ ಬಾಯಿ ಬಿಡುತ್ತಾರೆ. ಹುಡುಗರಿಗೂ ಕೆಲಸ ಇದೆ: ಚೀಲ ಹೊರುವುದು, ಆಟೋ ತರುವುದು, ಸ್ವಲ್ಪ ದೂರ ನಿಂತು ಗಮನಿಸುವುದು.

ಭಾಷೆ ಮುಖ್ಯ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದಾಗ ಮೊದಲು ಕೂತು ಕನ್ನಡ ಕಲಿತರು. 1831ರಲ್ಲಿ ಇಡೀ ಕನ್ನಡ ಬೈಬಲ್ ಹೊರಬಂದದ್ದರ ಹಿಂದೆ ಆ ಕಲಿಕೆ ಇದೆ. ನಾವು ಅಷ್ಟೊಂದು ಕಲಿಯಬೇಕಿಲ್ಲ. ತೆಲುಗು ಬಲ್ಲವರೊಬ್ಬರು, ಹಿಂದಿ ಬಲ್ಲವರೊಬ್ಬರು ತಂಡದಲ್ಲಿ ಇರಲೇಬೇಕು, ಅಷ್ಟೆ. ಬಳ್ಳಾರಿಯಲ್ಲಿ ತೆಲುಗಿಗೇನು ಬರ ಇಲ್ಲ ಬಿಡಿ. ತಾಂಡಾದಿಂದ ಬಂದ ಲಂಬಾಣಿ ಅಕ್ಕ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ತಂಡದ ನಿಯಮಗಳನ್ನು ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿ:

- ಯಾರೂ ಒಬ್ಬರೇ ಹೋಗುವಂತಿಲ್ಲ, ಯಾವಾಗಲೂ ಇಬ್ಬರು.
- ಗಂಡಸರು ಹೆಂಗಸರ ಫೋನ್ ನಂಬರ್ ತೆಗೆದುಕೊಳ್ಳುವಂತಿಲ್ಲ, ತಮ್ಮದನ್ನು ಕೊಡುವಂತಿಲ್ಲ. ತಂಡಕ್ಕೆ ಒಂದೇ ನಂಬರ್, ಅದು ಅಕ್ಕನೊಬ್ಬರ ಕೈಲಿ.
- ಯಾರನ್ನೂ ಮನೆಗೆ ಕರೆದುಕೊಂಡು ಹೋಗುವಂತಿಲ್ಲ. ಚರ್ಚ್ ಹಾಲ್‌ನಲ್ಲೂ ಮಲಗಿಸುವಂತಿಲ್ಲ.
- ಕೈಗೆ ಕಾಸು ಕೊಡುವಂತಿಲ್ಲ.

ಕೊನೆಯೆರಡು ಕಲ್ಲೆದೆಯ ನಿಯಮ ಅನ್ನಿಸಬಹುದು. ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

3. ತಿಳಿಸಬೇಕಾದವರಿಗೆ ತಿಳಿಸಿ

ಸಭೆಯ ಲೆಟರ್‌ಹೆಡ್‌ನಲ್ಲಿ ಒಂದು ಪುಟದ ಪತ್ರ ಬರೆಯಿರಿ. ಯಾರು, ಯಾವ ದಿನ, ಎಷ್ಟು ಹೊತ್ತು, ಏನು ಕೊಡುತ್ತೇವೆ ಎಂದು ಇರಲಿ. ಆ ಭಾಗದ ಪೊಲೀಸ್ ಠಾಣೆಗೆ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಅದರ ನಕಲು ತಂಡದ ಚೀಲದಲ್ಲಿ ಸದಾ ಇರಬೇಕು.

ಸ್ಟೇಷನ್ ಒಳಗೆ ಕೆಲಸ ಮಾಡುವುದಾದರೆ ಸ್ಟೇಷನ್ ಮ್ಯಾನೇಜರ್ ಅನುಮತಿ ಬೇಕು, ಆರ್‌ಪಿಎಫ್‌ಗೂ ತಿಳಿಸಬೇಕು. ಆರ್‌ಪಿಎಫ್ ಅಂದರೆ ರೈಲ್ವೆಯ ರಕ್ಷಣಾ ಪಡೆ. ನನ್ನ ಸಲಹೆ ಕೇಳಿದರೆ ಮೊದಲ ಒಂದು ವರ್ಷ ಹೊರಗಡೆಯೇ ಇರಿ. ಪ್ಲಾಟ್‌ಫಾರಂ ಮೇಲೆ ಕರಪತ್ರ ಹಂಚುವುದಂತೂ ಬೇಡವೇ ಬೇಡ.

4. ಚೀಲದಲ್ಲಿ ಏನಿರಬೇಕು

ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಹಾಗಾಗಿ ಮೊದಲು ನೀರು, ಆಮೇಲೆ ಓಆರ್‌ಎಸ್ ಪೊಟ್ಟಣ, ಸೀಲ್ ಒಡೆಯದ ಬಿಸ್ಕತ್ತು, ಬಾಳೆಹಣ್ಣು. ಮನೆಯಲ್ಲಿ ಮಾಡಿದ ಅಡುಗೆಯನ್ನು ದೊಡ್ಡ ಪಾತ್ರೆಯಲ್ಲಿ ಸಂಜೆವರೆಗೆ ಇಟ್ಟು ಹಂಚಬೇಡಿ. ಒಬ್ಬರಿಗೆ ವಾಂತಿಯಾದರೂ ಸಾಕು, ಮಾತು ಊರೆಲ್ಲ ಹಬ್ಬುತ್ತದೆ. ಬಿಸಿ ಊಟವೇ ಬೇಕು ಅನ್ನುವವರನ್ನು ಇಂದಿರಾ ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ, ಜೊತೆಗೆ ಕೂತು ಉಣ್ಣಿ.

ಸ್ಯಾನಿಟರಿ ಪ್ಯಾಡ್, ಸೋಪು, ಒಂದೆರಡು ಟವೆಲ್, ಮಕ್ಕಳ ಚಪ್ಪಲಿ ಇರಲಿ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಅಕ್ಕಂದಿರೇ ಕೊಡಲಿ. ಮಾತ್ರೆ, ಟಾನಿಕ್ ಯಾವುದೂ ಬೇಡ, ತಲೆನೋವಿನ ಗುಳಿಗೆಯೂ ಬೇಡ.

ಹೆಚ್ಚಿನವರು ಮರೆಯುವ ವಸ್ತು ಪವರ್ ಬ್ಯಾಂಕ್. ದೂರದಿಂದ ಬಂದವರ ಫೋನು ಸತ್ತಿರುತ್ತದೆ. ಮೇಸ್ತ್ರಿಯ ನಂಬರ್, ಮನೆಯ ನಂಬರ್ ಎಲ್ಲ ಅದರೊಳಗೇ. ಹಳೆಯ ಚಪ್ಪಟೆ ಪಿನ್, ಹೊಸ ಸಿ ಪಿನ್, ಕೀಪ್ಯಾಡ್ ಫೋನಿನ ಸಣ್ಣ ಪಿನ್, ಮೂರೂ ಥರದ ವೈರ್ ಇಟ್ಟುಕೊಳ್ಳಿ. ಚಾರ್ಜ್ ಆಗುವ ಇಪ್ಪತ್ತು ನಿಮಿಷ ಅವರು ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಆಗ ಮಾತು ತಾನಾಗೇ ಬರುತ್ತದೆ. ಬಿಸ್ಕತ್ತಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಇನ್ನೊಂದು, ಸಹಾಯವಾಣಿ ಚೀಟಿ. ಬಸ್ ಟಿಕೆಟ್ ಅಳತೆಯ ಕಾಗದ ಸಾಕು, ಕನ್ನಡ, ತೆಲುಗು, ಹಿಂದಿಯಲ್ಲಿ. ಅದರ ಮೇಲೆ ಸಭೆಯ ಹೆಸರು, ಶಿಲುಬೆ, ವಾಕ್ಯ ಏನೂ ಬೇಡ. ಗಂಡನೋ ಏಜೆಂಟನೋ ಆ ಚೀಟಿ ನೋಡಿದರೆ ಹೊಡೆತ ಬೀಳುವುದು ಆಕೆಗೆ. ಚೀಟಿ ಇಟ್ಟುಕೊಳ್ಳಲು ಹೆದರುವವರಿಗೆ ಮಹಿಳಾ ಸಹಾಯವಾಣಿಯ 181 ಎಂಬ ಒಂದೇ ನಂಬರನ್ನು ಬಾಯಿಪಾಠ ಮಾಡಿಸಿ.

5. ಮಾತು ಶುರು ಮಾಡುವುದು

ನಿಂತುಕೊಂಡು ಮಾತಾಡಬೇಡಿ. ಅವರು ಚೀಲ ಹಾಸಿಕೊಂಡು ಕೂತಿದ್ದರೆ ಚಪ್ಪಲಿ ಬಿಟ್ಟು ನೀವೂ ಕೂರಿ. ಆದರೆ ಕೇಳಿ ಕೂರಿ, ಆ ಚೀಲವೇ ಆ ಹೊತ್ತಿಗೆ ಅವರ ಮನೆ. "ಅಕ್ಕಾ, ಊಟ ಆತೇನು?" ತೆಲುಗಿನವರಿಗೆ "ಅಮ್ಮಾ, ಅನ್ನಂ ತಿನ್ನಾರಾ?" ಹಿಂದಿಯವರಿಗೆ "ದೀದಿ, ಖಾನಾ ಖಾಯಾ?" ಇಷ್ಟು ಸಾಕು. ಬೇಡ ಅಂದರೆ ಸುಮ್ನೆ ಎದ್ದು ಬನ್ನಿ.

ಯಾವ ಊರು, ಯಾವ ಜಾತಿ, ಗಂಡ ಎಲ್ಲಿ, ಯಾಕೆ ಬಿಟ್ಟ ಎಂಬ ಪ್ರಶ್ನೆಗಳು ನಮ್ಮ ಜನರ ಬಾಯಿಗೆ ತಾನಾಗೇ ಬರುತ್ತವೆ, ಅಲ್ವಾ? ಅವನ್ನು ನುಂಗಿಕೊಳ್ಳಿ. "ಎಲ್ಲಿಗೆ ಹೊರಟಿದ್ದೀರಿ? ಅಲ್ಲಿ ಯಾರಾದರೂ ಬರ್ತಾರಾ?" ಎನ್ನುವುದು ಉಪಯೋಗದ ಪ್ರಶ್ನೆ. ಅದಕ್ಕೆ ಉತ್ತರ ತೊದಲಿದರೆ, ಪಕ್ಕದಲ್ಲಿ ನಿಂತ ಗಂಡಸೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರೆ, ಆಧಾರ್ ಕಾರ್ಡು ಅವನ ಜೇಬಿನಲ್ಲಿದ್ದರೆ, ಕಿವಿ ನೆಟ್ಟಗೆ ಮಾಡಿ.

ರಾತ್ರಿ ಹೊತ್ತು ಗಿರಾಕಿಗಾಗಿ ನಿಂತ ಹೆಂಗಸರ ವಿಷಯದಲ್ಲಿ ಬಹಳ ಸಭೆಗಳು ಎಡವುತ್ತವೆ. "ಪಾಪದಿಂದ ಬಿಡಿಸಬೇಕು" ಎಂದು ಸುತ್ತುವರಿದು ನಿಂತರೆ ಅವತ್ತಿನ ಅವಳ ದುಡಿಮೆ ಹಾಳು, ಜೊತೆಗೆ ಪೊಲೀಸರ ಕಣ್ಣು ಬೀಳುತ್ತದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆಯಲ್ಲಿ ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆಯುವುದು ಅಪರಾಧ. ಅದಕ್ಕೇ ಅವರಿಗೆ ಖಾಕಿ ಕಂಡರೆ ಭಯ. ಹಾಗಂತ ಅವರಿಗೆ ಹಕ್ಕಿಲ್ಲ ಅಂತಲ್ಲ: ಅವರನ್ನೂ ಘನತೆಯಿಂದ ನಡೆಸಿಕೊಳ್ಳಬೇಕು, ದೌರ್ಜನ್ಯವಾದರೆ ಎಲ್ಲರ ಹಾಗೆ ಅವರಿಗೂ ಚಿಕಿತ್ಸೆ, ಕಾನೂನಿನ ನೆರವು ಸಿಗಬೇಕು ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಕ್ಕಂದಿರಿಬ್ಬರು ಹೋಗಿ, ನೀರು ಕೊಟ್ಟು, ಎರಡು ಮಾತಾಡಿ ಬಂದುಬಿಡಿ. ಮುಂದಿನ ವಾರ ಮತ್ತೆ ಅದೇ ಹೊತ್ತಿಗೆ ಹೋಗಿ. ಎಷ್ಟೋ ವಾರ ಆದ ಮೇಲೆ ಅವರೇ "ನನ್ನ ಮಗಳ ಸ್ಕೂಲ್ ವಿಷಯ ಸ್ವಲ್ಪ ಕೇಳಬೇಕಿತ್ತು" ಎಂದು ಶುರು ಮಾಡುತ್ತಾರೆ.

ದೇವದಾಸಿ ಪದ್ಧತಿಗೆ ಸಿಕ್ಕ ಹೆಂಗಸರೂ ನಿಮಗೆ ಎದುರಾಗುತ್ತಾರೆ. ಮುತ್ತು ಕಟ್ಟುವುದನ್ನು, ಅಂದರೆ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು, ಕರ್ನಾಟಕ 1982ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದೆ. ಆದರೂ ಕೊರಳಲ್ಲಿ ಮುತ್ತಿರುವ ಅಜ್ಜಿಗೆ "ಅದನ್ನು ತೆಗೆದುಹಾಕು" ಎಂದು ಹೇಳುವ ಅಧಿಕಾರ ನಿಮಗಿಲ್ಲ. ಹುಲಿಗೆಮ್ಮನ ಬಗ್ಗೆ, ಎಲ್ಲಮ್ಮನ ಬಗ್ಗೆ ಒಂದು ಹಗುರ ಮಾತೂ ಬೇಡ. ಮಾಜಿ ದೇವದಾಸಿಯರಿಗೆ ಸರ್ಕಾರದ ಮಾಸಾಶನ ಇದೆ, ಅದು ಬರುತ್ತಿದೆಯೋ ಇಲ್ಲವೋ ಕೇಳಿ. ನಿಂತುಹೋಗಿದ್ದರೆ ಕಾಗದ ಹಿಡಿದು ಮಹಿಳಾ ಅಭಿವೃದ್ಧಿ ನಿಗಮದ ಕಚೇರಿಗೆ ಜೊತೆಯಲ್ಲಿ ಹೋಗಿ.

6. ಯಾರನ್ನು ಎಲ್ಲಿಗೆ ತಲುಪಿಸಬೇಕು

ಒಳ್ಳೆಯ ಸಮಾರ್ಯದವನ ಕಥೆಯನ್ನು ಎಲ್ಲರೂ ಹೇಳುತ್ತೇವೆ. ಅವನು ಗಾಯಾಳುವನ್ನು ತನ್ನ ಮನೆಗೆ ಒಯ್ಯಲಿಲ್ಲ. ಛತ್ರಕ್ಕೆ ಸೇರಿಸಿದ, ಖರ್ಚಿಗೆ ಕೊಟ್ಟ, ತಿರುಗಿ ಬರುವಾಗ ನೋಡುತ್ತೇನೆ ಎಂದ. ಬೀದಿ ಸೇವೆಗೂ ಇದೇ ಕ್ರಮ: ಸರಿಯಾದ ಕಡೆ ಸೇರಿಸಿ, ಆಮೇಲೆ ಮರೆಯದೆ ಹೋಗಿ ನೋಡಿ.

*ಹೊಡೆತ ತಿಂದ, ಮನೆಯಿಂದ ಹೊರಬಿದ್ದ ಹೆಂಗಸು:* 181ಕ್ಕೆ ಕರೆ ಮಾಡಿ, ಸಖಿ ಕೇಂದ್ರಕ್ಕೆ ತಲುಪಿಸಿ. ಸಖಿ ಅಂದರೆ ಜಿಲ್ಲೆಗೊಂದರಂತೆ ಇರುವ ಸರ್ಕಾರಿ ಕೇಂದ್ರ. ಚಿಕಿತ್ಸೆ, ಪೊಲೀಸ್ ದೂರು, ವಕೀಲರು, ಆಪ್ತ ಸಮಾಲೋಚನೆ ಒಂದೇ ಸೂರಿನಡಿ ಸಿಗುತ್ತವೆ, 5 ದಿನದವರೆಗೆ ತಂಗಲು ಜಾಗವೂ ಉಂಟು. ಹೆಚ್ಚು ದಿನ ಬೇಕಿದ್ದರೆ ಅಲ್ಲಿಂದಲೇ ಶಕ್ತಿ ಸದನಕ್ಕೆ ಕಳಿಸುತ್ತಾರೆ. ಹಿಂದೆ ಸ್ವಾಧಾರ ಗೃಹ ಎನ್ನುತ್ತಿದ್ದರಲ್ಲ, ಅದೇ. ಸೇವೆ ಶುರು ಮಾಡುವ ಮೊದಲೇ ನೀವೊಮ್ಮೆ ಸಖಿಗೆ ಹೋಗಿ ಅಲ್ಲಿಯವರ ಮುಖ ಪರಿಚಯ ಮಾಡಿಕೊಂಡು ಬನ್ನಿ. ರಾತ್ರಿ 11ಕ್ಕೆ ಗೇಟಿನ ಮುಂದೆ ನಿಂತಾಗ ಆ ಪರಿಚಯ ಕೆಲಸಕ್ಕೆ ಬರುತ್ತದೆ.

*ಒಂಟಿ ಮಗು, 18 ತುಂಬದ ಹುಡುಗಿ:* ಮಕ್ಕಳ ಸಹಾಯವಾಣಿ 1098. ಇಲ್ಲಿ ಯೋಚನೆಗೆ ಜಾಗವೇ ಇಲ್ಲ. ದಿಕ್ಕಿಲ್ಲದ ಮಗು ಕಂಡರೆ 24 ಗಂಟೆಯೊಳಗೆ ತಿಳಿಸುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಕಡ್ಡಾಯ, ತಿಳಿಸದಿದ್ದರೆ ಶಿಕ್ಷೆ ಇದೆ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ, ಎಲ್ಲಿರಬೇಕು ಎಂದು ತೀರ್ಮಾನಿಸುವುದು ಆ ಸಮಿತಿ. "ನಮ್ಮ ಹಾಸ್ಟೆಲ್ ಇದೆಯಲ್ಲ" ಎಂದು ಕರೆದುಕೊಂಡು ಹೋದರೆ ನೀವೇ ಆರೋಪಿ. ನೋಂದಣಿ ಇಲ್ಲದ ಮಕ್ಕಳ ಮನೆ ನಡೆಸುವುದೂ ಅಪರಾಧ. ಲೈಂಗಿಕ ದೌರ್ಜನ್ಯದ ಸುಳಿವಿದ್ದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. "ಸಭೆಯಲ್ಲೇ ಮಾತಾಡಿ ಮುಗಿಸೋಣ" ಅನ್ನುವ ಹಿರಿಯರ ಮಾತು ಇಲ್ಲಿ ನಡೆಯುವುದಿಲ್ಲ.

*ಒತ್ತಾಯದಿಂದ ಕೂಡಿ ಹಾಕಿದವರು, ಮಾರಾಟಕ್ಕೆ ಸಿಕ್ಕವರು:* ಪೊಲೀಸರ ತುರ್ತು ನಂಬರ್ 112. ನೀವೇ ಹೋಗಿ ಬಾಗಿಲು ಬಡಿಯಬೇಡಿ.

*ಕೂಲಿ ಸಿಗದ ವಲಸಿಗರು:* ಕಾರ್ಮಿಕ ಇಲಾಖೆ ಕಚೇರಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ 15100. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಾರ್ಖಾನೆ ಕಾರ್ಮಿಕರಿಗೆ ವಕೀಲರ ನೆರವು ಉಚಿತ, ಆದಾಯ ಎಷ್ಟೇ ಇರಲಿ. ಮುಂಗಡ ತೀರುವವರೆಗೆ ಬಿಡುವುದಿಲ್ಲ ಎಂದು ಮೇಸ್ತ್ರಿ ಹಿಡಿದಿಟ್ಟುಕೊಂಡಿದ್ದರೆ ಅದು ಜೀತ. 1976ರ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ದೂರು ಹೋಗಬೇಕು. ಮೇಸ್ತ್ರಿಯ ಹತ್ತಿರ ನೀವೇ ಪಂಚಾಯ್ತಿ ಮಾಡಲು ಹೋದರೆ ಮಾರನೆ ದಿನ ಆ ಕುಟುಂಬ ಯಾವ ಇಟ್ಟಿಗೆ ಭಟ್ಟಿಯಲ್ಲಿದೆ ಎಂದೂ ಗೊತ್ತಾಗುವುದಿಲ್ಲ.

*ಆರೋಗ್ಯ:* ತುರ್ತಿಗೆ 108. ಎಚ್‌ಐವಿ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರ, ಅಂದರೆ ಪರೀಕ್ಷೆ ಮತ್ತು ಸಮಾಲೋಚನೆ ಗುಟ್ಟಾಗಿ, ಉಚಿತವಾಗಿ ಸಿಗುವ ಜಾಗ. ಮಾಹಿತಿಗೆ 1097. ಪ್ರಾರ್ಥನೆ ಮಾಡಿದ್ದೇವೆ, ಇನ್ನು ಗುಳಿಗೆ ಬೇಡ ಎಂದು ಯಾರಿಗೂ, ಎಂದಿಗೂ ಹೇಳಬೇಡಿ. ಎಚ್‌ಐವಿ, ಟಿಬಿ ಗುಳಿಗೆ ನಡುವೆ ನಿಲ್ಲಿಸಿದರೆ ರೋಗ ಔಷಧಕ್ಕೂ ಬಗ್ಗದ ಹಾಗೆ ತಿರುಗಿಬೀಳುತ್ತದೆ.

*ಊರಿಗೆ ಹೋಗಬೇಕು ಎನ್ನುವವರು:* ದುಡ್ಡು ಕೊಡಬೇಡಿ, ಟಿಕೆಟ್ ನೀವೇ ತೆಗೆಸಿ. ಅದಕ್ಕೂ ಮೊದಲು ಊರಿನವರ ಜೊತೆ ಫೋನಿನಲ್ಲಿ ಮಾತಾಡಿ. ಯಾರ ಮನೆಯಿಂದ ತಪ್ಪಿಸಿಕೊಂಡು ಬಂದಳೋ ಆ ಮನೆಗೇ ತಿರುಗಿ ಕಳಿಸುತ್ತಿದ್ದೀರಾ ಎಂದು ಆಕೆಯನ್ನೇ ಒಂಟಿಯಾಗಿ ಕೇಳಿ. ಬಸ್ಸಿನ ವಿಷಯದಲ್ಲಿ ಒಂದು ಗೊಂದಲ ಯಾವಾಗಲೂ ಆಗುತ್ತದೆ: ಶಕ್ತಿ ಯೋಜನೆಯ ಉಚಿತ ಪ್ರಯಾಣ ಕರ್ನಾಟಕದ ವಿಳಾಸ ಇರುವ ಹೆಂಗಸರಿಗೆ ಮಾತ್ರ. ಗುಂತಕಲ್ಲಿನ ಅಮ್ಮನನ್ನು ಬಸ್ ಹತ್ತಿಸಿ ಕೈ ಬೀಸಿ ಬಂದರೆ ಕಂಡಕ್ಟರ್ ಟಿಕೆಟ್ ಕೇಳುತ್ತಾರೆ.

7. ಯೇಸುವಿನ ಹೆಸರು ಎಲ್ಲಿ, ಹೇಗೆ

ಎಲ್ಲರೂ ಕೊನೆಗೆ ಕೇಳುವುದು ಇದನ್ನೇ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಅದೇ ಹೊತ್ತಿಗೆ 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ, ಅಂದರೆ ಜನರ ಬಾಯಲ್ಲಿ ಮತಾಂತರ ನಿಷೇಧ ಕಾಯ್ದೆ, ಆಮಿಷ, ಒತ್ತಾಯ, ವಂಚನೆಯಿಂದ ಮತಾಂತರ ಮಾಡುವುದನ್ನು ಅಪರಾಧ ಎಂದಿತು. ಹೆಂಗಸರು, ಅಪ್ರಾಪ್ತರು, ಪರಿಶಿಷ್ಟರ ವಿಷಯದಲ್ಲಿ ಶಿಕ್ಷೆ 3ರಿಂದ 10 ವರ್ಷ. 2023ರ ಜೂನ್‌ನಲ್ಲಿ ರಾಜ್ಯ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. "ಹಾಗಾದರೆ ಈಗ ಪರವಾಗಿಲ್ಲ" ಎಂದು ಯಾರೋ ವಾಟ್ಸಾಪಿನಲ್ಲಿ ಹೇಳಿದ್ದನ್ನು ನಂಬಬೇಡಿ, ಸೇವೆ ಶುರು ಮಾಡುವ ವಾರ ವಕೀಲರನ್ನು ಕೂರಿಸಿಕೊಂಡು ಮಾತಾಡಿ.

ಕಾಯ್ದೆ ಒತ್ತಟ್ಟಿಗಿರಲಿ. ಹಸಿದವಳ ಮುಂದೆ ತಟ್ಟೆ ಹಿಡಿದು "ಮೊದಲು ಪ್ರಾರ್ಥನೆಗೆ ಕಣ್ಣು ಮುಚ್ಚು" ಅನ್ನುವುದು ಬೆದರಿಕೆಯೇ. ಹಾಗಾಗಿ ನಮ್ಮ ಪದ್ಧತಿ ಇಷ್ಟು. ಪೊಟ್ಟಣದೊಳಗೆ ಕರಪತ್ರ ಇಡುವುದಿಲ್ಲ. ಭಾನುವಾರ ಆರಾಧನೆಗೆ ಬಂದರೆ ಸೀರೆ, ರೇಷನ್ ಎಂದು ಹೇಳುವುದಿಲ್ಲ. ಹಾಗಂತ ಸಭೆಯವರು ಎಂಬುದನ್ನು ಮುಚ್ಚಿಡುವುದೂ ಇಲ್ಲ, ಮುಚ್ಚಿಟ್ಟರೆ ಅದೂ ಮೋಸವೇ. "ಯಾರು ನೀವು, ಯಾಕೆ ಇದೆಲ್ಲ ಮಾಡ್ತೀರಿ?" ಎಂದು ಕೇಳಿದರೆ "ನಾವು ಯೇಸುಸ್ವಾಮಿಯನ್ನು ನಂಬುವವರು, ಇಂಥ ಸಭೆಯಿಂದ ಬಂದಿದ್ದೇವೆ" ಎಂದು ಒಂದೇ ಮಾತಿನಲ್ಲಿ ಹೇಳಿ. ಆಕೆಯೇ "ನನಗೋಸ್ಕರ ಪ್ರಾರ್ಥನೆ ಮಾಡ್ತೀರಾ?" ಎಂದರೆ ಮಾಡಿ. ಅಕ್ಕನೊಬ್ಬರು, ಮೆಲ್ಲಗೆ, ಒಂದು ನಿಮಿಷ. ಕೇಳದೆ ತಲೆ ಮೇಲೆ ಕೈ ಇಡಬೇಡಿ, ಜೋರಾಗಿ ಕೂಗಬೇಡಿ, ಜೊತೆಗಿರುವವರು ಕಣ್ಣು ಬಿಟ್ಟುಕೊಂಡೇ ಇರಲಿ.

ಯಾರಾದರೂ ಬಂದು "ಮತಾಂತರ ಮಾಡ್ತಿದ್ದೀರಾ" ಎಂದು ಗಲಾಟೆ ತೆಗೆದರೆ ವಾದ ಬೇಡ, ವಿಡಿಯೋ ಬೇಡ. ಠಾಣೆಯ ಸೀಲ್ ಇರುವ ಪತ್ರ ತೋರಿಸಿ, ಅವತ್ತಿಗೆ ಚೀಲ ಎತ್ತಿಕೊಂಡು ಹೊರಡಿ. ಮಾತು ಕೈ ಮೀರಿದರೆ 112. ನೀವು ಎದುರು ನಿಂತು ಗೆದ್ದರೂ, ಆಮೇಲೆ ಅದೇ ಜಾಗದಲ್ಲಿ ಮಲಗಬೇಕಾದವರು ಬೇರೆಯವರು.

8. ಫೋಟೋ, ಲೆಕ್ಕ

ಫೋಟೋ ಬೇಡ. ಬೆನ್ನಿನಿಂದ ತೆಗೆದದ್ದೂ ಬೇಡ, ಮುಖ ಮಸುಕು ಮಾಡಿದ್ದೂ ಬೇಡ. ದಾನಿಗಳಿಗೆ ತೋರಿಸಬೇಕಲ್ಲ ಅನ್ನುತ್ತೀರಿ. ಅಂಗಡಿಯ ಬಿಲ್ಲು ತೋರಿಸಿ. ನೊಂದ ಮಕ್ಕಳ ಗುರುತು ಬಯಲು ಮಾಡುವುದು ಶಿಕ್ಷಾರ್ಹ. "ಈ ಸಹೋದರಿಗಾಗಿ ಪ್ರಾರ್ಥಿಸಿ" ಎಂದು ಸಭೆಯ ವಾಟ್ಸಾಪ್ ಗುಂಪಿನಲ್ಲಿ ಹೆಸರು, ಊರು, ಕಾಯಿಲೆ ಸಮೇತ ಹಾಕುವ ಚಟ ನಮ್ಮಲ್ಲಿ ಬಹಳ. ಸಾಕ್ಷಿ ಹೇಳು ಎಂದು ಆಕೆಯನ್ನು ಭಾನುವಾರ ಮೈಕ್ ಮುಂದೆ ನಿಲ್ಲಿಸುವುದು ಅದಕ್ಕಿಂತಲೂ ಕೆಟ್ಟದ್ದು.

ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಜನ, ಯಾವ ಸಹಾಯವಾಣಿಗೆ ಎಷ್ಟು ಹೊತ್ತಿಗೆ ಕರೆ ಮಾಡಿದಿರಿ, ಯಾರು ಬಂದರು. ಹೆಸರಿನ ಬದಲು ನಿಮಗೆ ಮಾತ್ರ ತಿಳಿಯುವ ಗುರುತು. ದುಡ್ಡು ಸಭೆಯ ಖಾತೆಯಿಂದಲೇ ಹೋಗಲಿ. ವಿದೇಶದಿಂದ ಯಾರಾದರೂ ಕಳಿಸುತ್ತೇವೆ ಅಂದರೆ 2010ರ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟಬೇಡಿ.

9. ದಿನ ತಪ್ಪಿಸಬೇಡಿ

ವಾರಕ್ಕೆ ಒಂದೇ ಸಂಜೆ ಇರಲಿ, ಆದರೆ ಅದೇ ದಿನ, ಅದೇ ಹೊತ್ತು, ಅದೇ ಮೂಲೆ. ಕ್ರಿಸ್ಮಸ್ ಹಿಂದಿನ ವಾರ ಮೂವತ್ತು ಜನ ಕಂಬಳಿ ಹಿಡಿದು ಬಂದು, ಏಪ್ರಿಲ್ ಬಿಸಿಲಿಗೆ ಒಬ್ಬರೂ ಕಾಣದ ಸೇವೆಯಿಂದ ಯಾರಿಗೂ ಉಪಯೋಗವಿಲ್ಲ. ನಮ್ಮೂರಲ್ಲಿ ಚಳಿಗಿಂತ ಬಿಸಿಲೇ ಜಾಸ್ತಿ ಕಾಡುವುದು. ಬೇಸಿಗೆಯ ಪಾಳಿಯನ್ನು ಜನವರಿಯಲ್ಲೇ ಹಂಚಿಕೊಳ್ಳಿ, ಊರಿಗೆ ಹೋಗುವವರು ತಮ್ಮ ಬದಲಿಗೆ ಯಾರು ಎಂದು ಆಗಲೇ ಬರೆದುಕೊಡಲಿ. ಇಬ್ಬರು ಹೆಂಗಸರು ಸಿಗದ ವಾರ ಹಂಚಲು ಹೋಗಬೇಡಿ. ಆದರೂ ಇಬ್ಬರು ಅಲ್ಲಿನ ಟೀ ಅಂಗಡಿವರೆಗೆ ಹೋಗಿ, "ಈ ವಾರ ಇಲ್ಲ, ಬರೋ ಶನಿವಾರ ಬರ್ತೀವಿ" ಎಂದು ಹೇಳಿ ಬನ್ನಿ.